ಗುಬ್ಬಿ ರಸ್ತೆಯ ಆ ತುದಿ

ತುಮಕೂರಿನಿಂದ ಗುಬ್ಬಿ ಕಡೆಗೆ ಹೋಗುವ ರಸ್ತೆಗೆ ಆಗ ರಾಷ್ಟ್ರೀಯ ಹೆದ್ದಾರಿ 206 ಅನ್ನುತ್ತಿದ್ದರು. ಗುಬ್ಬಿ, ತಿಪಟೂರು, ಅರಸೀಕೆರೆ, ಕಡೂರು, ತರೀಕೆರೆ, ಭದ್ರಾವತಿ, ಶಿವಮೊಗ್ಗ, ಸಾಗರ ದಾಟಿ, ಗೇರುಸೊಪ್ಪೆ ಘಟ್ಟ ಇಳಿದು, ಸುಮಾರು 360 ಕಿಲೋಮೀಟರ್ ಓಡಿದ ಮೇಲೆ ಅದು ಹೊನ್ನಾವರದಲ್ಲಿ ಮುಗಿಯುತ್ತಿತ್ತು. ಈಚೆಗೆ ಹೆದ್ದಾರಿಗಳ ನಂಬರು ಬದಲಾಗಿದೆ. ಅದೇ ರಸ್ತೆಯ ಈ ಕಡೆಯ ಭಾಗ 73 ಆಗಿ ಮಂಗಳೂರಿಗೆ ತಿರುಗಿಕೊಂಡಿದೆ, ಆ ಕಡೆಯ ಭಾಗ 69 ಆಗಿದೆ. ನಮ್ಮ ಮನೆ ಇರುವುದು ತುಮಕೂರಿನ ಅಂತರಸನಹಳ್ಳಿಯಲ್ಲಿ, ಶಿರಾ ಕಡೆಯ ಹೆದ್ದಾರಿಯ ಮಗ್ಗುಲಿಗೆ. ಹಗಲು ರಾತ್ರಿ ಹುಬ್ಬಳ್ಳಿ, ಪುಣೆ, ಮುಂಬೈ ಕಡೆಯ ಲಾರಿಗಳ ಸದ್ದು ಕೇಳಿಕೊಂಡು ಬೆಳೆದವರು ನಾವು. ಊರಿನ ಇನ್ನೊಂದು ಮಗ್ಗುಲಿನ ರಸ್ತೆ ಹಿಡಿದು, ಎಲ್ಲೂ ಅಡ್ಡ ತಿರುಗದೆ ಹೋದರೆ ಸಮುದ್ರವೇ ಸಿಗುತ್ತದೆ ಎಂದು ಮೊದಲು ಹೇಳಿದವರು ದೊಡ್ಡಪ್ಪ.

ದೊಡ್ಡಪ್ಪನ ಹತ್ತಿರ ಒಂದು ಮೆಟಡಾರ್ ವ್ಯಾನಿತ್ತು. ಲಗ್ನದ ದಿನಗಳಲ್ಲಿ ದಿಬ್ಬಣಕ್ಕೆ, ಉಳಿದಂತೆ ಧರ್ಮಸ್ಥಳಕ್ಕೆ, ತಿರುಪತಿಗೆ ಬಾಡಿಗೆ ಹೋಗುತ್ತಿತ್ತು. 1999ರ ಮೇ ತಿಂಗಳ ನಡುವಿಗೆ ಅಧಿಕ ಜ್ಯೇಷ್ಠ ಬಂತು. ಅಧಿಕ ಮಾಸದಲ್ಲಿ ಮದುವೆಯಿಲ್ಲ. ವ್ಯಾನು ಮನೆ ಮುಂದೆ ಸುಮ್ಮನೆ ನಿಂತಿತ್ತು. ಅಧಿಕದಲ್ಲಿ ಕ್ಷೇತ್ರ ನೋಡಿದರೆ ಪುಣ್ಯ ಎಂದು ಅಜ್ಜಿ ಗೋಕರ್ಣದ ಹೆಸರು ತೆಗೆದಳು. ನಮಗೆ ಶಾಲೆಗೆ ರಜ. ಬೋರ್‌ವೆಲ್‌ನಲ್ಲಿ ನೀರು ಸೊರಗಿ ಅಪ್ಪ ಟೊಮ್ಯಾಟೊ ನಾಟಿಯನ್ನು ಮಳೆ ಬರುವವರೆಗೆ ಮುಂದೂಡಿದ್ದರು. ಇಷ್ಟೆಲ್ಲ ಕೂಡಿ ಬಂದದ್ದು ಒಂದೇ ಬಾರಿಗೆ.

ಕ್ಯಾರವಾನ್ ಎಂಬ ಗಾಡಿಯನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ. ಆದರೆ ದೊಡ್ಡಪ್ಪ ಮಾಡಿದ್ದು ಅದನ್ನೇ. ಹಿಂದಿನ ಸೀಟುಗಳನ್ನು ಬಿಚ್ಚಿ ಕೊಟ್ಟಿಗೆಯಲ್ಲಿಟ್ಟರು. ಆ ಜಾಗಕ್ಕೆ ಹುಲ್ಲು ತುಂಬಿದ ಗೋಣಿಚೀಲ, ಅದರ ಮೇಲೆ ಜಮಖಾನ. ಕಿಟಕಿಗಳಿಗೆ ಅಮ್ಮನ ಹಳೇ ಸೀರೆಯ ಪರದೆ. ಮೇಲಿನ ಕ್ಯಾರಿಯರ್‌ನಲ್ಲಿ ನೀರಿನ ಡ್ರಮ್ಮು, ಸೌದೆ, ಟಾರ್ಪಾಲು. ಒಳಗೆ ಪಂಪ್ ಸ್ಟೌ, ಸೀಮೆಎಣ್ಣೆ ಕ್ಯಾನು, ಮುದ್ದೆ ತೊಳಸುವ ಕೋಲು, ಒಂದು ಡಬ್ಬ ರಾಗಿಹಿಟ್ಟು, ಹುರುಳಿಕಾಳು, ಹುಣಸೆಹಣ್ಣು, ಒಣಮೆಣಸಿನಕಾಯಿ. ಆ ಪಾತ್ರೆಪಡಗ ನೋಡಿದ ಪಕ್ಕದ ಮನೆಯವರು, ಊರು ಬಿಟ್ಟೇ ಹೋಗುತ್ತೀರೇನೋ ಅಂದರು. ದುಡ್ಡು ಉಳಿಸಲು ಮಾಡಿದ ಏರ್ಪಾಟು ಅದು, ನಿಜ. ಲಾಡ್ಜಿಗೂ ಹೋಟೆಲಿಗೂ ಕೊಡುವಷ್ಟು ನಮ್ಮಲ್ಲಿರಲಿಲ್ಲ. ಆದರೆ ಸ್ವಂತ ಒಲೆ ಜೊತೆಗಿದ್ದದ್ದರಿಂದಲೇ ನಾವು ಹೋದಲ್ಲೆಲ್ಲ ಜನರ ಹಿತ್ತಿಲಿಗೆ, ಬಾವಿಕಟ್ಟೆಗೆ, ಅಡುಗೆಮನೆಗೆ ಹತ್ತಿರವಾದೆವು. ಲಾಡ್ಜಿನಲ್ಲಿ ಇಳಿದಿದ್ದರೆ ಸಮುದ್ರ ಮಾತ್ರ ನೋಡಿ ಬರುತ್ತಿದ್ದೆವು.

ದಾರಿಯಲ್ಲಿ ಅಜ್ಜಿಗೆ ಒಂದೇ ಪ್ರಶ್ನೆ. ಸೇತುವೆ ಬಂದಾಗಲೆಲ್ಲ, "ಈ ನೀರು ಎತ್ತಾಗ್ ಹೋಗುತ್ತಪ್ಪ?" ಬಯಲುಸೀಮೆಯ ಮುದುಕಿ; ನೀರು ಕಂಡರೆ ಅದರ ಹಾದಿ ತಿಳಿಯಬೇಕು. ದೇವರಾಯನದುರ್ಗದಲ್ಲಿ ಹುಟ್ಟುವ ನಮ್ಮ ಶಿಂಷಾ ಕಾವೇರಿಗೆ ಸೇರುತ್ತದೆ, ಅಲ್ಲೇ ಹುಟ್ಟುವ ಜಯಮಂಗಲಿ ಉತ್ತರ ಪಿನಾಕಿನಿಗೆ. ಎರಡೂ ಮೂಡಲ ಕಡಲಿಗೆ. ಕಡೂರಿನ ವೇದಾವತಿ, ಭದ್ರಾವತಿಯ ಭದ್ರೆ, ಶಿವಮೊಗ್ಗದ ತುಂಗೆ, ಇವೂ ಮೂಡಲಿಗೇ. ಸಾಗರದ ಹತ್ತಿರ ವರದಾಮೂಲದಲ್ಲಿ ಹುಟ್ಟುವ ವರದೆಯೂ ಹಾಗೆಯೇ, ತುಂಗಭದ್ರೆಯನ್ನು ಸೇರಿ ಮೂಡಲಿಗೆ ಹೋಗುತ್ತದೆ. ಆದರೆ ಅದೇ ತಾಲ್ಲೂಕಿನ ಶರಾವತಿ ಮಾತ್ರ ಪಡುವಣಕ್ಕೆ. ತಾಳಗುಪ್ಪದ ಆಚೆ, ರಾತ್ರಿ ತಂಗಿದ್ದ ಶಾಲೆಯ ಬಯಲಿನಲ್ಲಿ, ಅಪ್ಪ ನೆಲದ ಮೇಲೆ ಕಡ್ಡಿಯಿಂದ ಗೀರಿ ಇದನ್ನು ಅಜ್ಜಿಗೆ ತೋರಿಸಿದರು. ನಮ್ಮೂರ ಮಳೆಯೆಲ್ಲ ಒಂದು ಕಡಲಿಗೆ, ನಮ್ಮೂರ ರಸ್ತೆ ಇನ್ನೊಂದು ಕಡಲಿಗೆ. ಅಜ್ಜಿ ಆ ಗೀರುಗಳನ್ನೇ ನೋಡುತ್ತ ಕುಳಿತಿದ್ದಳು.

ಜೋಗದಲ್ಲಿ ನೀರು ಎಳೆಯಷ್ಟೇ ಇತ್ತು. ಲಿಂಗನಮಕ್ಕಿ ಕಟ್ಟೆ ಕಟ್ಟಿದ ಮೇಲೆ ಬೇಸಿಗೆಯ ಜೋಗ ಅಷ್ಟೇ. ಘಟ್ಟ ಇಳಿಯುವಾಗ ದೊಡ್ಡಮ್ಮನಿಗೆ ವಾಂತಿ. ಗೇರುಸೊಪ್ಪೆ ಬಂದರೂ ರಾಣಿ ಚೆನ್ನಭೈರಾದೇವಿಯ ಊರು ಎಂದು ಇಳಿದು ನೋಡುವ ತ್ರಾಣ ಯಾರಿಗೂ ಉಳಿದಿರಲಿಲ್ಲ. ಹೊನ್ನಾವರದಲ್ಲಿ ಶರಾವತಿಯ ಸೇತುವೆ ಮೇಲೆ ದೊಡ್ಡಪ್ಪ ವ್ಯಾನು ನಿಧಾನ ಮಾಡಿದರು. ನದಿ ಅಷ್ಟು ಅಗಲವಾಗಬಲ್ಲದು ಎಂದು ನಾವು ಎಣಿಸಿರಲಿಲ್ಲ. ಅನತಿ ದೂರದಲ್ಲಿ ಕೊಂಕಣ ರೈಲ್ವೆಯ ಸೇತುವೆ, ಎರಡು ಕಿಲೋಮೀಟರಿಗೂ ಉದ್ದ. ಆ ರೈಲು ದಾರಿ ಪೂರ್ತಿ ತೆರೆದು ವರ್ಷವಷ್ಟೇ ಆಗಿತ್ತು. "ಗುಬ್ಬಿ ರಸ್ತೆ ಇಲ್ಲಿಗೆ ಮುಗೀತು ಕಣ್ರಪ್ಪ" ಅಂದರು ದೊಡ್ಡಪ್ಪ.

ಕಾಸರಕೋಡಿನಲ್ಲಿ ಸರ್ವೆ ತೋಪಿನ ಪಕ್ಕ, ಮೀನುಗಾರರೊಬ್ಬರ ಮನೆಯ ಅಂಗಳದಲ್ಲಿ ವ್ಯಾನು ನಿಲ್ಲಿಸಲು ಜಾಗ ಸಿಕ್ಕಿತು. ಅದೇ ಕಾಸರಕೋಡು ಕಡಲತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಈಗ ಬೇಲಿ, ಕಲ್ಲು ಹಾಸಿದ ದಾರಿ ಎಲ್ಲ ಬಂದಿವೆ. ಆಗ ಮರಳು, ದೋಣಿ, ಒಣಗಲು ಹಾಕಿದ ಬಲೆ, ನಾಯಿಗಳು. ಬೆಳಿಗ್ಗೆ ದೋಣಿ ಬಂದ ಮೇಲೆ ಹೆಂಗಸರು ಬಂಗುಡೆಯನ್ನು ಗುಡ್ಡೆ ಗುಡ್ಡೆಯಾಗಿ ಇಟ್ಟು ಮಾರುತ್ತಿದ್ದರು, ನಮ್ಮ ಸಂತೆಯಲ್ಲಿ ಬದನೆಕಾಯಿ ಇಡುವ ಹಾಗೆ. ತರಕಾರಿ ಚೌಕಾಸಿಯಲ್ಲಿ ಪಳಗಿದ ಅಮ್ಮ ಮೀನಿನ ಗುಡ್ಡೆಯ ಮುಂದೆ ಮಾತೇ ಆಡಲಿಲ್ಲ. ಆ ಮನೆಯ ಅಕ್ಕನೇ ಬಂದು, ಕಣ್ಣು, ಕಿವಿರು ತೋರಿಸಿ, ಯಾವುದು ಇಂದಿನದು ಯಾವುದು ನಿನ್ನೆಯದು ಎಂದು ಹೇಳಿಕೊಟ್ಟು ಎರಡು ಗುಡ್ಡೆ ಕೊಡಿಸಿದರು.

ಆ ದಿನದ ಅಡುಗೆ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ತೆಂಗು ನಮ್ಮ ಸೀಮೆಯ ಬೆಳೆ. ತಿಪಟೂರಿನ ಉಂಡೆ ಕೊಬ್ಬರಿ ದೇಶಕ್ಕೆಲ್ಲ ಹೋಗುತ್ತದೆ. ಆದರೆ ನಮ್ಮ ಮನೆಗಳಲ್ಲಿ ತೆಂಗಿನಕಾಯಿ ಎಂದರೆ ಮೊದಲು ಮಾರುವ ವಸ್ತು. ಸಾರಿಗೆ ಒಂದು ಹಿಡಿ ತುರಿ ಬಿದ್ದರೆ ಹೆಚ್ಚು. ಅಲ್ಲಿ ಆ ಅಕ್ಕ ಒಂದು ಇಡೀ ಕಾಯಿ ತುರಿದು, ಒಣಮೆಣಸು, ಕೊತ್ತಂಬರಿ ಬೀಜ, ಅರಿಸಿನ ಸೇರಿಸಿ ಒರಳಲ್ಲಿ ಬೆಣ್ಣೆಯಷ್ಟು ನುಣ್ಣಗೆ ರುಬ್ಬಿದರು. ನಮ್ಮ ಹುಣಸೆಹಣ್ಣನ್ನು ಪಕ್ಕಕ್ಕೆ ಸರಿಸಿ ಒಣಗಿದ ಮುರುಗಲ ಸಿಪ್ಪೆ ಹಾಕಿದರು. ಮಸಾಲೆ ಕುದಿ ಬಂದ ಮೇಲೆ ಮೀನು, ಕೊನೆಗೆ ಜಜ್ಜಿದ ಜುಮ್ಮನಕಾಯಿ. ಅದು ನಾಲಿಗೆಯನ್ನು ಜುಮ್ಮೆನಿಸಿ ಮೀನಿನ ವಾಸನೆಯನ್ನು ಅಡಗಿಸುತ್ತದೆ. ಒಮ್ಮೆ ಮೀನು ಬಿದ್ದ ಮೇಲೆ ಸೌಟು ಹಾಕಬಾರದು, ಪಾತ್ರೆಯನ್ನೇ ಹಿಡಿದು ತಿರುಗಿಸಬೇಕು ಎಂದರು. ಅವರದು ಕುಚ್ಚಲಕ್ಕಿ ಅನ್ನ, ನಮ್ಮದು ಮುದ್ದೆ. ಬಂಗುಡೆ ಸಾರಿನಲ್ಲಿ ರಾಗಿಮುದ್ದೆ ಅದ್ದಿ ನುಂಗಿದಾಗ ಅಪ್ಪ ತಲೆಯೆತ್ತಿ ಅಮ್ಮನ ಕಡೆ ನೋಡಿದ್ದು ನೆನಪಿದೆ. ಅಕ್ಕನೂ ಒಂದು ತುತ್ತು ಮುದ್ದೆ ತಿಂದರು. ಅಗಿಯಬೇಡಿ, ನುಂಗಿ ಎಂದು ಅಜ್ಜಿ ಹೇಳುವ ಹೊತ್ತಿಗೆ ಅವರು ಅಗಿದು ಮುಗಿಸಿದ್ದರು. ಅಜ್ಜಿಗೆ ಅಂದು ಸೋಮವಾರ. ಅವಳು ಮೀನು ಮುಟ್ಟಲಿಲ್ಲ. ಅವಳಿಗಾಗಿ ಮಾಡಿದ ಮುರುಗಲ ಸಾರನ್ನು ಮೂರು ಸಲ ಬಡಿಸಿಕೊಂಡಳು.

ಹೊನ್ನಾವರದಿಂದ ಬಡಗಣಕ್ಕೆ ಹೊರಟರೆ ಕುಮಟೆಗೆ ಮೊದಲು ಹಂದಿಗೋಣ, ಆಳ್ವೆಕೋಡಿಯ ಹತ್ತಿರ ಹೆದ್ದಾರಿಯ ಎರಡೂ ಬದಿ ಈರುಳ್ಳಿಯ ಜಡೆಗಳು ತೂಗುಬಿದ್ದಿದ್ದವು. ಭತ್ತದ ಕಟಾವಾದ ಮೇಲೆ ಅದೇ ಗದ್ದೆಯಲ್ಲಿ ಬೆಳೆದು, ಎಲೆಯೊಣಗಿದ ಮೇಲೆ ದಂಟಿನ ಸಮೇತ ಹೆಣೆದು, ಬಿದಿರ ಗಳುವಿಗೆ ನೇತುಹಾಕುತ್ತಾರೆ. ಅಪ್ಪ ವ್ಯಾನು ನಿಲ್ಲಿಸಲು ಹೇಳಿದರು. ಬೆಂಗಳೂರಿನ ಕಲಾಸಿಪಾಳ್ಯಕ್ಕೆ ಈರುಳ್ಳಿ ಮೂಟೆ ಹಾಕಿ, ಕಣ್ಣುಮುಚ್ಚಿ ವಾಸನೆಯಲ್ಲೇ ತಳಿ ಹೇಳುತ್ತಿದ್ದವರು. ಒಂದು ಗೆಡ್ಡೆ ತೆಗೆದು ಕೈಯಲ್ಲೇ ಗುದ್ದಿ ಬಿಡಿಸಿ ಹಸಿಯಾಗಿ ಕಚ್ಚಿದರು. ಖಾರವಿಲ್ಲ, ಸಿಹಿ. "ಇದು ಮಳೆಗಾಲಪೂರ್ತಿ ಇರುತ್ತಾ?" ಎಂದು ಕೇಳಿದರು. ಒಲೆಯ ಮೇಲೆ, ಹೊಗೆ ತಾಕುವಲ್ಲಿ ತೂಗುಹಾಕಿದರೆ ಇರುತ್ತದೆ ಎಂದಳು ಮಾರುವಾಕೆ. ವ್ಯಾನಿನ ಕಿಟಕಿಗೆ ಎರಡು ಜಡೆ ಕಟ್ಟಿಕೊಂಡೆವು.

ಕುಮಟೆಯಿಂದ ತದಡಿಗೆ ನಡೆದೇ ಹೋಗೋಣ ಎಂದದ್ದು ಅಪ್ಪ. ದೊಡ್ಡಪ್ಪ ಅಜ್ಜಿ, ದೊಡ್ಡಮ್ಮನನ್ನು ಕೂರಿಸಿಕೊಂಡು ಮಿರ್ಜಾನ್ ಸುತ್ತಿ ವ್ಯಾನು ತರುವುದು, ಉಳಿದವರು ಕಡಲಂಚು ಹಿಡಿದು ಅಘನಾಶಿನಿ ಊರು ಮುಟ್ಟಿ ದೋಣಿಯಲ್ಲಿ ದಾಟುವುದು. ಇಂದು ಬೆಂಗಳೂರಿನಿಂದ ಚಾರಣದ ತಂಡಗಳು ಇದೇ ಹಾದಿಗೆ ಬರುತ್ತವೆ. ಆಗ ನಮ್ಮನ್ನು ನೋಡಿ ಮೀನುಗಾರರು, ಬಸ್ಸು ತಪ್ಪಿತೋ ಎಂದು ಕೇಳಿದರು.

ನಸುಕಿನಲ್ಲೇ ಹೊರಟೆವು. ಕಡ್ಲೆಯ ತೀರ, ಗುಡೇಅಂಗಡಿ, ಬಾಡ, ಕಾಗಾಲ. ಮರಳು ಮುಗಿದಲ್ಲಿ ಗುಡ್ಡ ಸಮುದ್ರದೊಳಕ್ಕೆ ಮೂಗು ಚಾಚಿರುತ್ತದೆ. ಇಳಿತದ ಹೊತ್ತಾದರೆ ಬುಡದ ಬಂಡೆಗಳ ಮೇಲೆ ದಾಟಬಹುದು, ಭರತವಾದರೆ ಗುಡ್ಡ ಹತ್ತಿಯೇ ಇಳಿಯಬೇಕು. ಕಲ್ಲೆಲ್ಲ ಕೆಂಪು ಚಿರೆಕಲ್ಲು, ತೂತು ತೂತು, ಬರಿಗಾಲಿಗೆ ಚುಚ್ಚುತ್ತದೆ. ಬಾಡದಲ್ಲಿ ಅಮ್ಮನವರ ಗುಡಿಗೆ ಹೊರಗಿನಿಂದಲೇ ಕೈಮುಗಿದೆವು. ಅಲ್ಲೊಂದು ಮನೆಯಲ್ಲಿ ನೀರು ಕೇಳಿದ್ದಕ್ಕೆ ಮುರುಗಲ ಹಣ್ಣಿನ ಪಾನಕ ಕೊಟ್ಟರು, ಹಲಸಿನ ಹಣ್ಣಿನ ಕಡುಬೂ ಕೊಟ್ಟರು. ಮೇ ತಿಂಗಳ ಕೊನೆಯ ಸಮುದ್ರ ಅದು, ಮಳೆಗಾಲದ ಮುನ್ಸೂಚನೆ ತುಂಬಿದ್ದು. ಅಲೆಗಳು ಬಣ್ಣಗೆಟ್ಟು, ನೊರೆ ಮೊಣಕಾಲೆತ್ತರ ಬರುತ್ತಿತ್ತು. ಈಜುವುದಂತೂ ಬೇಡ ಎಂದು ಕಂಡವರೆಲ್ಲ ಹೇಳಿದರು. ನಡೆಯುವುದಕ್ಕೆ ಮಾತ್ರ ಅದಕ್ಕಿಂತ ಒಳ್ಳೆಯ ಕಾಲವಿಲ್ಲ ಎಂದು ನಾನು ಈಗಲೂ ನಂಬಿದ್ದೇನೆ: ಮೋಡ ಕವಿದಿರುತ್ತದೆ, ಗಾಳಿ ಇರುತ್ತದೆ, ಹಣ್ಣಿನ ಕಾಲ, ಹಿತ್ತಿಲಿನವರು ಕೈಬಿಚ್ಚಿ ಕೊಡುವ ಕಾಲ.

ಅಘನಾಶಿನಿ ನದಿ ಸಿರಸಿಯ ಶಂಕರಹೊಂಡದಲ್ಲಿ ಹುಟ್ಟಿ ಇಲ್ಲಿ ಸಮುದ್ರ ಸೇರುವವರೆಗೆ ಅದಕ್ಕೆ ಎಲ್ಲೂ ಅಣೆಕಟ್ಟಿಲ್ಲ. ಸಿಹಿನೀರು ತಡೆಯಿಲ್ಲದೆ ಇಳಿದು ಬರುತ್ತದೆ, ಉಪ್ಪುನೀರು ಭರತದಲ್ಲಿ ಒಳಗೆ ನುಗ್ಗುತ್ತದೆ. ಎರಡೂ ಬೆರೆಯುವ ಆ ಅಳಿವೆಯ ಕೆಸರಿನಲ್ಲೇ ಬಳಚು ಎಂಬ ಚಿಪ್ಪುಮೀನು, ಸಿಗಡಿ, ಏಡಿ, ಕಾಂಡ್ಲಾ ಗಿಡಗಳ ಬೇರಿನ ನಡುವೆ ಮರಿಮೀನು. ದೋಣಿಗೆ ಕಾಯುತ್ತಿದ್ದಾಗ ಇಳಿತವಿತ್ತು. ಹೆಂಗಸರು ಸೊಂಟದುದ್ದ ನೀರಿನಲ್ಲಿ ನಿಂತು, ಕಾಲಿನಿಂದಲೇ ಕೆಸರನ್ನು ತಡಕಿ, ಸಿಕ್ಕ ಬಳಚನ್ನು ಮುಳುಗಿ ತೆಗೆದು, ತೇಲುವ ಪಾತ್ರೆಗೆ ಹಾಕುತ್ತಿದ್ದರು. ಅಮ್ಮ ಅವರಲ್ಲೊಬ್ಬಾಕೆಯನ್ನು, ಕಾಲಿಗೆ ಕಲ್ಲೋ ಬಳಚೋ ಹೇಗೆ ಗೊತ್ತಾಗುತ್ತೆ ಎಂದು ಕೇಳಿದಳು. "ಕಳೆ ಕೀಳುವಾಗ ನಿಮ್ಗೆ ಹೇಗೆ ಗೊತ್ತಾಗ್ತದೆ ಅಕ್ಕಾ?" ಎಂದಳು ಆಕೆ. ನಾವು ಹೊಲದವರು ಎಂದು ಯಾರೂ ಹೇಳಿರಲಿಲ್ಲ. ಅಮ್ಮನ ಕೈ ನೋಡಿ ತಿಳಿದುಕೊಂಡಿರಬೇಕು.

ಕೆಲವು ವರ್ಷಗಳ ಮೇಲೆ ತದಡಿಯಲ್ಲಿ 4000 ಮೆಗಾವ್ಯಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಪ್ರಸ್ತಾವ ಬಂತು. ಅಳಿವೆಯನ್ನೇ ನಂಬಿದ್ದ ಜನ ವಿರೋಧಿಸಿದರು, ವಿಜ್ಞಾನಿಗಳೂ ಅಲ್ಲಿನ ಜೀವರಾಶಿಯ ಲೆಕ್ಕ ಮುಂದಿಟ್ಟರು, ಯೋಜನೆ ನಿಂತಿತು. ಆ ಸುದ್ದಿಗಳನ್ನು ಪತ್ರಿಕೆಯಲ್ಲಿ ಓದಿದಾಗಲೆಲ್ಲ ನನ್ನ ಕಣ್ಣಿಗೆ ಬರುತ್ತಿದ್ದದ್ದು ನೀರಿನ ಮೇಲೆ ತೇಲುವ ಆ ಪಾತ್ರೆಗಳು. ಆ ನದಿ ಹಾಗೆಯೇ ಹರಿಯಬೇಕು. ಇದರಲ್ಲಿ ನನಗೆ ಎರಡನೇ ಮಾತಿಲ್ಲ.

ತದಡಿಯಿಂದ ಗೋಕರ್ಣಕ್ಕೆ ಹೋಗುವಾಗ ಸಾಣಿಕಟ್ಟೆಯ ಉಪ್ಪಿನ ಆಗರಗಳು. ಪಾತಿಗಳಲ್ಲಿ ನೀರು ಬತ್ತಿಸಿ, ಬಾಚಿ ರಾಶಿ ಹಾಕಿದ ಕಂದುಬಣ್ಣದ ಉಪ್ಪು. 1930ರಲ್ಲಿ ಇಲ್ಲಿಗೆ ಹತ್ತಿರದ ಅಂಕೋಲೆಯಲ್ಲೇ ಉಪ್ಪಿನ ಸತ್ಯಾಗ್ರಹ ನಡೆದದ್ದು ಎಂದು ಅಪ್ಪ ಹೇಳಿದರು. ಅಮ್ಮ ಒಂದು ಚೀಲ ಕೊಂಡಳು.

ಗೋಕರ್ಣದಲ್ಲಿ ಅಜ್ಜಿ ಕೋಟಿತೀರ್ಥದಲ್ಲಿ ಕಾಲು ತೊಳೆದು, ಮಹಾಬಲೇಶ್ವರನ ಆತ್ಮಲಿಂಗವನ್ನು ಕೈಯಿಂದ ಮುಟ್ಟಿ ಬಂದಳು. ಮುಟ್ಟಲು ಬಿಡುತ್ತಾರೆ ಎಂಬುದೇ ಅವಳಿಗೆ ದೊಡ್ಡ ಸಂತೋಷ. ರಾವಣ ಲಿಂಗವನ್ನು ಕಿತ್ತೊಯ್ಯಲು ಎಳೆದದ್ದು, ಚೂರುಗಳು ಧಾರೇಶ್ವರ, ಗುಣವಂತೆ, ಮುರುಡೇಶ್ವರ, ಶೇಜ್ಜೇಶ್ವರದಲ್ಲಿ ಬಿದ್ದದ್ದು ಎಲ್ಲವನ್ನೂ ನಮಗೆ ಮತ್ತೆ ಹೇಳಿದಳು. ನಾವು ಹುಡುಗರು ಕುಡ್ಲೆ ದಾಟಿ ಓಂ ಬೀಚಿಗೆ ಗುಡ್ಡದ ಮೇಲಿನ ಕಾಲುದಾರಿಯಲ್ಲಿ ಹೋಗಿ ಬಂದೆವು. ಸಂಜೆ ದೊಡ್ಡಪ್ಪನ ಟ್ರಾನ್ಸಿಸ್ಟರಿನಲ್ಲಿ ವಿಶ್ವಕಪ್. ಟಾಂಟನ್ನಿನಲ್ಲಿ ಶ್ರೀಲಂಕಾದ ಎದುರು ನಮ್ಮ ದ್ರಾವಿಡ್ 145 ಹೊಡೆದದ್ದನ್ನು ಕೇಳಿದ್ದು ಅಲ್ಲೇ, ವ್ಯಾನಿನ ಬಾಗಿಲಲ್ಲಿ ಕುಳಿತು.

ಆದರೆ ಗೋಕರ್ಣ ಎಂದರೆ ನನಗೆ ಮೊದಲು ನೆನಪಾಗುವುದು ದೇವಸ್ಥಾನವೂ ಅಲ್ಲ, ಓಂ ಬೀಚೂ ಅಲ್ಲ. ರಥಬೀದಿಯ ಬದಿಯಲ್ಲಿ ಹಾಲಕ್ಕಿ ಒಕ್ಕಲಿಗರ ಹೆಂಗಸರು ತರಕಾರಿ ಮಾರುತ್ತ ಕೂತಿದ್ದರು, ಕೊರಳು ತುಂಬ ಕರಿಮಣಿ ಸರಗಳು. ಹರಿವೆ, ಬಸಳೆ, ಹಾಗಲ, ಬದನೆ, ಮೊಗೆಕಾಯಿ. ಅಪ್ಪ ಒಂದು ಬದನೆ ತಿರುಗಿಸಿ ನೋಡಿ, ತೊಟ್ಟು ಮುರಿದು, ಇದು ಎಲ್ಲಿ ಬೆಳೆದದ್ದು ಎಂದು ಕೇಳಿದರು. ಅಜ್ಜಿಯ ವಯಸ್ಸಿನ ಆ ಹೆಂಗಸು ಕೈ ತೋರಿಸಿದ್ದು ಸಮುದ್ರದ ಕಡೆಗೆ. ಮಾರಿ ಮುಗಿದ ಮೇಲೆ ನಮ್ಮನ್ನೂ ಜೊತೆಗೆ ಕರೆದುಕೊಂಡು ಹೋದರು, ಗಂಗಾವಳಿ ಕಡೆ ಹೋಗುವ ದಾರಿಯಲ್ಲಿದ್ದ ಅವರ ಕೇರಿಗೆ.

ಅಲೆಯ ಸದ್ದು ಕೇಳುವಷ್ಟು ಹತ್ತಿರದಲ್ಲಿ ಬರೀ ಮರಳಿನ ತಾಕು, ಅದರಲ್ಲಿ ಹಸಿರು ಸಾಲುಗಳು. ಸಾಲುಗಳ ನಡುವೆ ಅಲ್ಲಲ್ಲಿ ಇಳಿಜಾರಾಗಿ ತೋಡಿದ ಗುಂಡಿ, ಗುಂಡಿಯ ತಳದಲ್ಲಿ ತಿಳಿನೀರು. ಅವರ ಸೊಸೆ ಎರಡು ಕೊಡಗಳನ್ನು ಹಿಡಿದು ಗುಂಡಿಗಿಳಿದು, ಒಂದೇ ಸಲಕ್ಕೆ ಎರಡನ್ನೂ ಅದ್ದಿ ಎತ್ತಿ, ಸಾಲಿನ ಮೇಲೆ ಕೊಡದ ಬಾಯಿಗೆ ಕೈಯೊಡ್ಡಿ ಮಳೆಯಂತೆ ಚಿಮುಕಿಸುತ್ತ ನಡೆದಳು. ಮತ್ತೆ ಇಳಿದಳು, ಮತ್ತೆ ಏರಿದಳು. ಅಪ್ಪ ಗುಂಡಿಗಿಳಿದು ಬೊಗಸೆಯಲ್ಲಿ ನೀರೆತ್ತಿ ಬಾಯಿಗೆ ಹಾಕಿಕೊಂಡರು. ಉಪ್ಪಿಲ್ಲ. ಇನ್ನೊಂದು ಬೊಗಸೆ ಕುಡಿದರು. ಆಳುದ್ದವೂ ಇಲ್ಲದ ಗುಂಡಿ! ನಮ್ಮಲ್ಲಿ ನೂರಾರು ಅಡಿ ಕೊರೆದು, ಸಾಲ ಮಾಡಿ, ಕಲ್ಲುಪುಡಿ ಹಾರಿದ್ದನ್ನು ನೋಡಿ ಬಂದವರು ಅವರು. ಮೇಲೆ ಬಂದು ಸಾಲಿನ ಅಂಚಿನಲ್ಲಿ ಕುಳಿತು ತುಂಬ ಹೊತ್ತು ಮಾತಾಡಲಿಲ್ಲ. ಮಳೆಯ ನೀರು ಮರಳಿನಲ್ಲಿ ಇಂಗಿ, ಉಪ್ಪುನೀರಿಗಿಂತ ಹಗುರವಾದ್ದರಿಂದ ಅದರ ಮೇಲೆಯೇ ನಿಲ್ಲುತ್ತದೆ ಎಂಬುದನ್ನು ನಾನು ಕಾಲೇಜಿನಲ್ಲಿ ಓದಿದ್ದು ಆಮೇಲೆ. ಕೊಡದಲ್ಲಿ ಎತ್ತುವವರೆಗೆ ಅದು ನಿಲ್ಲುತ್ತದೆ. ದೊಡ್ಡ ಪಂಪಿಟ್ಟು ಎಳೆದರೆ ಕೆಳಗಿನ ಉಪ್ಪು ಮೇಲೇರುತ್ತದೆ. ಇದನ್ನು ಆ ಅಜ್ಜಿ ಯಾವ ಪುಸ್ತಕದ ಹಂಗಿಲ್ಲದೆ ಹೇಳಿದ್ದರು: "ಹೆಚ್ಚು ಕೇಳೂಕಾಗ, ತಮ್ಮಾ. ಗಿಡಕ್ಕೆ ಬೇಕಾದಷ್ಟೇ ಕೇಳ್ಬೇಕು."

ಹಾಲಕ್ಕಿ ಸಮುದಾಯದ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದಾಗ ಅವರ ಹಾಡುಗಳ ಬಗ್ಗೆ ಎಲ್ಲೆಡೆ ಬರೆದರು. ಬರೆಯಬೇಕಾದದ್ದೇ. ಆ ಹೆಂಗಸರ ಬೇಸಾಯದ ಬಗ್ಗೆಯೂ ಅಷ್ಟೇ ಬರಹ ಬರಲಿ ಎಂಬುದು ನನ್ನ ಆಸೆ. ಗೋಕರ್ಣದ ತರಕಾರಿಗೆ ಸುತ್ತಲಿನ ಊರುಗಳಲ್ಲಿ ಇರುವ ಹೆಸರು ಆ ಕೊಡಗಳಿಂದ ಬಂದದ್ದು. ಮರಳಿನ ತಾಕುಗಳ ಮೇಲೆ ರೆಸಾರ್ಟುಗಳು ಎದ್ದಿರುವುದನ್ನು ಈಚೆಗೆ ಮಕ್ಕಳ ಜೊತೆ ಹೋದಾಗ ನೋಡಿದೆ. ನಾವು ನೀರು ಕುಡಿದ ಜಾಗ ಯಾವುದೆಂದು ಗುರುತು ಹತ್ತಲಿಲ್ಲ. ಬೀದಿಬದಿಯ ಹರಿವೆ, ಬಸಳೆ ಮಾತ್ರ ಇನ್ನೂ ಇದ್ದವು. ಊರು ನೋಡಲು ಬರುವವರು ಸಮುದ್ರಕ್ಕೆ ಮುಖ ಮಾಡಿಯೇ ಕೂರುತ್ತಾರೆ. ಒಮ್ಮೆ ಬೆನ್ನ ಹಿಂದಿನ ಆ ಸಾಲುಗಳನ್ನೂ ನೋಡಬೇಕು, ಅಲ್ಲಿ ಬೆಳೆದದ್ದನ್ನು ಕೊಂಡು ಬೇಯಿಸಬೇಕು. ಅದಕ್ಕೆ ಒಲೆ ಇರುವ ಗಾಡಿಯೇ ಸರಿ.

ಹೊರಡುವಾಗ ಆ ಅಜ್ಜಿ ಒಂದು ಮೊಗೆಕಾಯಿ, ಕಾಗದದ ಪೊಟ್ಟಣದಲ್ಲಿ ಹರಿವೆ ಬೀಜ ಕೊಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ. ಅಮ್ಮ ನಮ್ಮ ರಾಗಿಹಿಟ್ಟಿನಲ್ಲಿ ಉಳಿದದ್ದನ್ನು ಅವರ ಸೊಸೆಯ ಕೈಗೆ ಕೊಟ್ಟಳು, ಗಂಜಿ ಕಾಯಿಸುವ ಕ್ರಮ ಹೇಳಿದಳು.

ಆ ವರ್ಷ ಮಳೆ ಬಿದ್ದ ಮೇಲೆ ಅಪ್ಪ ಹರಿವೆ ಬೀಜವನ್ನು ನಮ್ಮ ಕೆಂಪುಮಣ್ಣಿನಲ್ಲಿ ಎರಚಿದರು. ದಂಟು ಅಲ್ಲಿಯಷ್ಟು ದಪ್ಪ ಬರಲಿಲ್ಲ, ಬಣ್ಣ ಮಾತ್ರ ಹಾಗೆಯೇ ಬಂತು. ಬೀಜ ಕಟ್ಟಿ ಹಿಡಿದು ಕೆಲವು ವರ್ಷ ಉಳಿಸಿಕೊಂಡಿದ್ದೆವು. ಒಂದು ಬರಗಾಲದಲ್ಲಿ ಅದು ಹೋಯಿತು. ಮುರುಗಲ ಸಿಪ್ಪೆ ಮಾತ್ರ ಮನೆ ಬಿಟ್ಟು ಹೋಗಲಿಲ್ಲ. ಹುರುಳಿಕಾಳಿನ ಸಾರಿಗೆ ಹುಣಸೆಹಣ್ಣಿನ ಬದಲು ಅಮ್ಮ ಅದನ್ನೇ ಹಾಕತೊಡಗಿದಳು. ಅಂತರಸನಹಳ್ಳಿಯ ತರಕಾರಿ ಮಾರುಕಟ್ಟೆಗೆ ಎಲ್ಲ ದಿಕ್ಕಿನ ಲಾರಿಗಳೂ ಬರುತ್ತವೆ. ಡಬ್ಬ ತಳ ಮುಟ್ಟಿತೆಂದರೆ ಅಮ್ಮ ಕುಮಟೆ, ಸಿರಸಿ ಕಡೆಯ ಲಾರಿ ಯಾವುದು ಬಂದಿದೆ ವಿಚಾರಿಸಿಕೊಂಡು ಬಾ ಎಂದು ನನ್ನನ್ನು ಅಟ್ಟುತ್ತಾಳೆ. ಡ್ರೈವರಿಗೆ ದುಡ್ಡು ಕೊಟ್ಟು, ಒಣಗಿದ್ದು ಕಪ್ಪಗಿರಬೇಕು, ಹಸಿ ಇರಬಾರದು ಎಂದು ಎರಡು ಸಲ ಹೇಳಿ ಬರಬೇಕು. ಅದು ಬರುವ ತನಕ ನಮ್ಮ ಮನೆಯಲ್ಲಿ ಹುರುಳಿ ನೆನೆಹಾಕುವುದಿಲ್ಲ.